ಅಸ್ತು ದೇವತೆಗಳ ಹೊತ್ತು

ಡಾಕ್ಟರ ಪಾತ್ರ ತನಗೇ ಬೇಕೆಂದು ಹೆಂಗಸರು ಕಿತ್ತಾಡಿದರು. ರೋಗಿಯ ಪಾತ್ರಕ್ಕೆ ಮಾತ್ರ ಒಬ್ಬರೂ ಮುಂದೆ ಬರಲಿಲ್ಲ.

ಇದು ನಡೆದದ್ದು 2004ರ ಜನವರಿಯಲ್ಲಿ, ಮೂಡಿಗೆರೆಯ ಒಂದು ಮಹಿಳಾ ಸಮಾಜದಲ್ಲಿ. ಸಮಾಜ ಅಂದರೆ ಸುತ್ತಿನ ಎಸ್ಟೇಟ್ ಮನೆಗಳ ಹೆಂಗಸರು, ಅವರ ಜೊತೆಗೆ ಪೇಟೆಯ ನಾಲ್ಕಾರು ಮೇಷ್ಟ್ರ ಹೆಂಡತಿಯರು. ಹೂವಿನ ಪ್ರದರ್ಶನ, ರಂಗೋಲಿ ಸ್ಪರ್ಧೆ, ವರ್ಷಕ್ಕೊಂದು ಪಿಕ್‌ನಿಕ್ಕು ಎಂದು ಹಾಯಾಗಿದ್ದವರ ತಲೆಗೆ ಅಧ್ಯಕ್ಷೆ ಸಾವಿತ್ರಮ್ಮ ಹೊಸ ಹುಳ ಬಿಟ್ಟಿದ್ದರು. ಅವರ ಓರಗಿತ್ತಿ ಹಿಂದಿನ ವರ್ಷ ಅಂಡಾಶಯದ ಕ್ಯಾನ್ಸರಿನಿಂದ ತೀರಿಕೊಂಡಿದ್ದಳು. ಹೊಟ್ಟೆ ಉಬ್ಬಿದ್ದನ್ನು ಗ್ಯಾಸ್ ಎಂದುಕೊಂಡು ಮನೆಯವರು ತಿಂಗಳುಗಟ್ಟಲೆ ಜೀರಿಗೆ ಕಷಾಯ ಕುಡಿಸಿದ್ದರು. ಆ ಸಾವನ್ನು ಸುಮ್ಮನೆ ಬಿಡುವ ಹೆಂಗಸಲ್ಲ ಸಾವಿತ್ರಮ್ಮ. ಚಿಕ್ಕಮಗಳೂರಿನ ಪರಿಚಯದ ಡಾಕ್ಟರಮ್ಮನನ್ನು ಹಿಡಿದು ಅರ್ಧ ಗಂಟೆಯ ನಾಟಕವೊಂದನ್ನು ಬರೆಸಿಕೊಂಡು ಬಂದರು. ಕಾಫಿ ಕುಯ್ಲು ಮುಗಿದು ಕಣಗಳು ಖಾಲಿಯಾಗುತ್ತಿದ್ದಂತೆ ಎಸ್ಟೇಟಿನಿಂದ ಎಸ್ಟೇಟಿಗೆ ಹೋಗಿ, ಬೀಜ ಒಣಗಿಸುವ ಆ ಕಣದಲ್ಲೇ ನಾಟಕ ಆಡುವುದು ಎಂದು ತೀರ್ಮಾನವಾಯಿತು.

ನಾಟಕದ ನಡುವೆ ರೋಗಿ ಎದ್ದು ನಿಂತು ಹೇಳಬೇಕಾದ ಒಂದು ಮಾತಿತ್ತು: "ನನಗೆ ಅಂಡಾಶಯದ ಕ್ಯಾನ್ಸರ್ ಆಗಿದೆ. ನನ್ನ ಹೊಟ್ಟೆಯೊಳಗೆ ಗಡ್ಡೆ ಬೆಳೆದಿದೆ." ಆ ಸಾಲಿಗೆ ಬಂದ ಕೂಡಲೇ ಓದುತ್ತಿದ್ದವಳು ಹಾಳೆಯನ್ನು ಪಕ್ಕದವಳ ಮಡಿಲಿಗೆ ದಾಟಿಸುತ್ತಿದ್ದಳು. ಒಬ್ಬಳಿಗೆ ಮಗಳ ಮದುವೆ ಗೊತ್ತಾಗಿತ್ತು. ಇನ್ನೊಬ್ಬಳಿಗೆ ಸಾಡೇಸಾತಿ ನಡೆಯುತ್ತಿತ್ತು. ಮತ್ತೊಬ್ಬಳಿಗೆ ದಿಢೀರನೆ ಗಂಟಲು ಕಟ್ಟಿತು. ನಿಜವಾದ ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ. ನಾಟಕ ಆಡುವುದು ಆಳುಗಳ ಕೆಲಸ ಬಿಟ್ಟ ಮೇಲೆ, ಸಂಜೆ. ಸಂಜೆಯ ಹೊತ್ತು ಅಸ್ತು ದೇವತೆಗಳು ಸಂಚಾರ ಹೊರಟಿರುತ್ತಾರೆ. ಯಾರ ಬಾಯಲ್ಲಿ ಏನು ಬಂದರೂ, ಒಳ್ಳೆಯದೋ ಕೆಟ್ಟದ್ದೋ ನೋಡದೆ "ಅಸ್ತು" ಎಂದು ಮುಂದೆ ಹೋಗುತ್ತಾರೆ. ಎಂ.ಎ. ಮಾಡಿದವರೂ ಸಂಜೆ ದೀಪ ಹಚ್ಚುವ ಹೊತ್ತಿಗೆ ಬಾಯಿ ಬಿಗಿಹಿಡಿದು ಬೆಳೆದವರೇ.

"ಕೊಡಿ ಇಲ್ಲಿ, ನಾನು ಮಾಡ್ತೇನೆ" ಎಂದವಳು ಭಾಗೀರಥಿ.

ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ನಿರಂಜನ ಮೇಷ್ಟ್ರ ಹೆಂಡತಿ ಅವಳು. ವಯಸ್ಸು ನಲವತ್ತೇಳು. ಶಾಲೆಯಲ್ಲಿದ್ದಾಗ ವಾಚನಕ್ಕೆ ಪ್ರತಿ ವರ್ಷ ಬಹುಮಾನ ಹೊಡೆದ ಗಂಟಲು ಅವಳದು. ಕಳಸದ ಕಡೆಯ ಪುರೋಹಿತರ ಮನೆಗೆ ಸೊಸೆಯಾಗಿ ಬಂದ ಮೇಲೆ ಆ ಗಂಟಲು "ಊಟಕ್ಕೆ ಬನ್ನಿ" ಎನ್ನಲಿಕ್ಕೆ, ಬಾಗಿಲಿಗೆ ಬಂದವರು ಯಾರು ಎಂದು ಕೇಳಲಿಕ್ಕೆ ಮಾತ್ರ ಬಳಕೆಯಾಗಿತ್ತು. ಅರ್ಧ ಗಂಟೆ ತಾನು ಮಾತಾಡುವುದು, ಊರೆಲ್ಲ ಬಾಯಿ ಮುಚ್ಚಿಕೊಂಡು ಕೇಳುವುದು! ಕ್ಯಾನ್ಸರ್ ಇರಲಿ, ಕುಷ್ಠ ಎಂದು ಹೇಳು ಎಂದಿದ್ದರೂ ಅವಳು ಒಪ್ಪಿಕೊಳ್ಳುತ್ತಿದ್ದಳು.

ಅತ್ತೆ ವಿಮಲಮ್ಮನಿಗೆ ಸುದ್ದಿ ಮುಟ್ಟಿದಾಗ ಅವರು ಕೈಯಲ್ಲಿದ್ದ ಹೂಬತ್ತಿ ಕೆಳಗಿಟ್ಟರು.

"ಎಂತ ಮಾತು ಆಡಕ್ಕೆ ಒಪ್ಕೊಂಡಿದ್ದೀಯ ಗೊತ್ತುಂಟಾ ನಿಂಗೆ?"

"ಪಾತ್ರದ ಹೆಸರು ಬೇರೆ ಅತ್ತೆ. ಅವಳ ಹೆಸರು ಗೌರಿ."

"ಹೆಸರು ಬೇರೆ ಇರಬಹುದು. ಹೊಟ್ಟೆ ನಿಂದೇ ಅಲ್ದಾ? ಬಾಯಿ ನಿಂದೇ ಅಲ್ದಾ? ಇದು ನಾಟಕ, ಇದು ನಿಜ ಅಂತ ಆ ದೇವತೆಗಳಿಗೆ ಹೇಳೋರು ಯಾರು?"

ಭಾಗೀರಥಿ ನಕ್ಕುಬಿಟ್ಟಳು. ಅತ್ತೆಯ ಎದುರು ಅವಳು ಹಾಗೆ ಬಾಯಿ ತುಂಬ ನಕ್ಕದ್ದು ಅದೇ ಮೊದಲು, ಮತ್ತು ವಿಮಲಮ್ಮ ಅದನ್ನು ಮರೆಯಲಿಲ್ಲ.

ನಾಟಕ ಗೆದ್ದಿತು. ಮಲ್ಲಂದೂರಿನ ಎಸ್ಟೇಟಿನ ಕಣದಲ್ಲಿ ಮೊದಲ ಆಟ. ಆಳುಗಳ ಲೈನ್ ಮನೆಗಳ ಹೆಂಗಸರು, ಸುತ್ತಿನ ಸಣ್ಣ ತೋಟದವರು, ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಹೆಂಡತಿ, ಎಲ್ಲರೂ ಚಾಪೆ ಹಾಕಿಕೊಂಡು ಕೂತಿದ್ದರು. ಭಾಗೀರಥಿ ಒಂದೊಂದೇ ಲಕ್ಷಣವನ್ನು ಮೈಮೇಲೆ ತಂದುಕೊಂಡು ತೋರಿಸಿದಳು. ಹೊಟ್ಟೆ ಉಬ್ಬರ. ಎರಡು ತುತ್ತಿಗೇ ಹೊಟ್ಟೆ ತುಂಬಿಹೋಗುವುದು. ಕೆಳಹೊಟ್ಟೆಯಲ್ಲಿ, ಸೊಂಟದಲ್ಲಿ ನೋವು. ಪದೇ ಪದೇ ಮೂತ್ರಕ್ಕೆ ಓಡಬೇಕೆನಿಸುವುದು. "ಒಂದೆರಡು ದಿನ ಬಂದು ಹೋದರೆ ಹೆದರಬೇಡಿ ತಾಯಂದಿರೇ, ಎರಡು ಮೂರು ವಾರ ಬಿಡದೆ ಕಾಡಿದರೆ ತಡ ಮಾಡಬೇಡಿ. ಹೊಟ್ಟೆಯ ಸ್ಕ್ಯಾನ್ ಮಾಡಿಸಿ" ಎಂದು ಕೈಮುಗಿದಳು. ಅವಳು ಆ ದೊಡ್ಡ ಮಾತನ್ನು ಹೇಳಿದಾಗ ಕಣದಲ್ಲಿ ಒಂದು ಮಗು ಕೂಡ ಕೆಮ್ಮಲಿಲ್ಲ. ಕೊನೆಯಲ್ಲಿ ಆಪರೇಷನ್ ಆಗಿ ಗೌರಿ ನಗುತ್ತ ಮನೆಗೆ ಬಂದಾಗ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದರು. ಅಲ್ಲಿಂದ ದೇವರಮನೆಯ ತಪ್ಪಲು, ಕೊಟ್ಟಿಗೆಹಾರ, ಕಳಸ, ಹೊಳೆಯಾಚೆಯ ಊರು. ಹೋದಲ್ಲೆಲ್ಲ ಆಟ ಮುಗಿದ ಮೇಲೆ ಹೆಂಗಸರು ಬಿಳಿ ಕೋಟು ಹಾಕಿಕೊಂಡ ಡಾಕ್ಟರ ಪಾತ್ರದವಳನ್ನು ಬಿಟ್ಟು ಭಾಗೀರಥಿಯ ಹತ್ತಿರವೇ ಬಂದು, ಅವಳ ಕಿವಿಯಲ್ಲಿ ತಮ್ಮ ತಮ್ಮ ಹೊಟ್ಟೆಯ ಕಥೆ ಹೇಳಿಕೊಳ್ಳುತ್ತಿದ್ದರು. ತನ್ನ ಬದುಕಿನಲ್ಲಿ ಇಷ್ಟು ಸುಖವಾಗಿ ಅವಳು ಎಂದೂ ಇರಲಿಲ್ಲ.

ಮಾರ್ಚ್ ಹೊತ್ತಿಗೆ ಅವಳ ಹೊಟ್ಟೆ ಉಬ್ಬರಿಸತೊಡಗಿತು.

ಮೊದಲು ಅವಳಿಗೇ ನಗು ಬಂತು. ದಿನಾ ಬೆಳಗಾದರೆ ಅದನ್ನೇ ಹೇಳಿ ಹೇಳಿ ಮೈಗೂ ಅಭ್ಯಾಸವಾಗಿದೆ ಎಂದುಕೊಂಡಳು. ಎರಡು ತುತ್ತು ತಿಂದು ತಟ್ಟೆ ಸರಿಸಿದಾಗಲೂ ಹಾಗೇ ಅಂದುಕೊಂಡಳು. ಲಂಗದ ಲಾಡಿ ಗಂಟಿಗೆ ಸಾಲದೆ ಹೋದಾಗ ನಗು ನಿಂತಿತು. ಒಂದು ಬೆಳಿಗ್ಗೆ ಗಂಡನ ಎದುರು ಕೂತು ಹೇಳಿದಳು.

"ರೀ, ಹೊಟ್ಟೆ ಉಬ್ಬರಿಸ್ತಾ ಉಂಟು. ಎರಡು ತುತ್ತಿಗೇ ತುಂಬಿಹೋಗತ್ತೆ. ಸೊಂಟ ನೋವು. ಗಂಟೆಗೊಂದ್ ಸಲ ಹಿತ್ತಿಲಿಗೆ ಹೋಗ್ಬೇಕು."

ನಿರಂಜನ ಪೇಪರಿನಿಂದ ತಲೆ ಎತ್ತಲಿಲ್ಲ. "ನನ್ನೆದುರು ಪ್ರ್ಯಾಕ್ಟೀಸ್ ಬೇಡ ಮಾರಾಯ್ತಿ. ನಂಗೂ ಬಾಯಿಪಾಠ ಆಗಿದೆ."

"ಪ್ರ್ಯಾಕ್ಟೀಸ್ ಅಲ್ಲ, ನಿಜವಾಗ್ಲೂ."

"ನಿಜವಾಗ್ಲೂ ಅಂತ್ಲೂ ಡೈಲಾಗಲ್ಲಿ ಉಂಟಲ್ಲ" ಎಂದು ಅವರು ನಕ್ಕರು. ಇತ್ತು ಕೂಡ. ನಾಟಕದ ಗೌರಿ ಗಂಡನಿಗೆ ಹೇಳುವುದು ಇದೇ ಮಾತನ್ನೇ, ಗಂಡ ನಂಬದೆ ಹೋಗುವುದೂ ಹೀಗೇ. ಡಾಕ್ಟರಮ್ಮ ಅದನ್ನು ಮಲೆನಾಡಿನ ಗಂಡಸರನ್ನು ನೋಡಿಯೇ ಬರೆದಿರಬೇಕು. ಭಾಗೀರಥಿಗೆ ತನ್ನ ಸ್ವಂತ ನೋವು ತನ್ನ ಬಾಯಿಂದ ಬಂದ ಕೂಡಲೇ ಯಾರೋ ಬರೆದುಕೊಟ್ಟದ್ದರ ಹಾಗೆ ಕೇಳಿಸಿತು. ಅವಳು ಬೇರೆ ಮಾತು ಹುಡುಕಿದಳು, ಸಿಗಲಿಲ್ಲ. ಆ ರೋಗಕ್ಕೆ ಇರುವುದೇ ಅಷ್ಟು ಮಾತು.

ಮುಂದಿನ ಆಟಕ್ಕೆ ಹೋಗುವಾಗ ಜೀಪಿನಲ್ಲಿ ಸಾವಿತ್ರಮ್ಮನಿಗೂ ಹೇಳಿ ನೋಡಿದಳು. ಸಾವಿತ್ರಮ್ಮ ಅವಳ ಭುಜ ತಟ್ಟಿದರು. "ಕಲಾವಿದೆ ಅಂದ್ರೆ ಹೀಗಿರ್ಬೇಕು ಕಣ್ರೀ! ಪಾತ್ರ ಮೈಮೇಲೇ ಬಂದುಬಿಟ್ಟಿದೆ. ಕೇಳಿದ್ರೇನ್ರೇ ಎಲ್ಲರೂ?" ಜೀಪಿನಲ್ಲಿದ್ದವರೆಲ್ಲ ನಕ್ಕರು. ಭಾಗೀರಥಿಯೂ ನಕ್ಕಳು, ನಗದೆ ಏನು ಮಾಡುವುದು. ಆವತ್ತಿನ ಆಟದಲ್ಲಿ ಅವಳು ಹೊಟ್ಟೆ ಹಿಡಿದುಕೊಂಡು ಕುಸಿದದ್ದನ್ನು ನೋಡಿ ಎಸ್ಟೇಟಿನ ಯಜಮಾನರು ಎದ್ದು ನಿಂತು ಚಪ್ಪಾಳೆ ಹೊಡೆದರು.

ನಂಬಿದವರು ವಿಮಲಮ್ಮ ಒಬ್ಬರೇ. ಇದನ್ನು ಅವರ ಪುಣ್ಯಕ್ಕೆ ಬರೆಯಬೇಕೋ ಪಾಪಕ್ಕೆ ಬರೆಯಬೇಕೋ ಹೇಳುವುದು ಕಷ್ಟ. ಯುಗಾದಿಯ ಎಣ್ಣೆಸ್ನಾನದ ದಿನ ಸೊಸೆಯ ಬೆನ್ನಿಗೆ ಎಣ್ಣೆ ಹಚ್ಚಲು ಹೋದವರು ಅವಳ ಹೊಟ್ಟೆ ನೋಡಿದರು. ಕೈಕಾಲು ಕಡ್ಡಿಯಾಗಿವೆ, ಕುತ್ತಿಗೆಯ ಮೂಳೆ ಎದ್ದಿದೆ, ಹೊಟ್ಟೆ ಮಾತ್ರ ಏಳು ತಿಂಗಳ ಬಸುರಿಯದು. ವಿಮಲಮ್ಮನ ಕಣ್ಣಲ್ಲಿ ನೀರು ಬಂತು. ನೀರಿನ ಹಿಂದೆಯೇ ಗೆದ್ದವರ ಮುಖವೂ ಕಾಣಿಸಿತು.

"ಅಸ್ತು ಅಂದುಬಿಟ್ರಲ್ಲೇ ಭಾಗೀ. ನಾನು ಬಡ್ಕೊಂಡೆ. ನೀನು ನಕ್ಕೆ."

ಅದೇ ವಾರ ಶಂಭು ಭಟ್ಟರನ್ನು ಮನೆಗೆ ಕರೆಸಿದರು. ಕಳಸದ ಕಡೆ ಹಳೆಯ ಮನೆತನಗಳಿಗೆಲ್ಲ ನಿಮಿತ್ತ ಹೇಳುವವರು ಅವರು. ಕವಡೆ ಹಾಕಿ, ಕಣ್ಣು ಮುಚ್ಚಿ, ನಿಧಾನವಾಗಿ ಹೇಳಿದರು. ರೋಗವೆಂಬುದು ಈಕೆಗೆ ಇರಲೇ ಇಲ್ಲ. ಆಡಿದ ಮಾತು ಮೈಗೆ ಅಂಟಿದೆ. ಅಂಟಿದ್ದನ್ನು ಬಿಡಿಸಬೇಕಾದರೆ ಎಲ್ಲೆಲ್ಲಿ ಆ ಮಾತು ಆಡಿದ್ದಾಳೋ ಅಲ್ಲಲ್ಲಿಗೇ ಹೋಗಬೇಕು. ಅದೇ ಜಾಗದಲ್ಲಿ, ಅದೇ ಸಂಜೆಯ ಹೊತ್ತಿನಲ್ಲಿ, ಅಷ್ಟೇ ಜನರೆದುರು ಗಟ್ಟಿಯಾಗಿ, ಅಳುಕದೆ, "ನನಗೆ ಏನೂ ಇಲ್ಲ" ಅನ್ನಬೇಕು. ಎಲ್ಲ ಊರೂ ಮುಗಿಯುವ ತನಕ ಆ ರೋಗದ ಹೆಸರು ಯಾರ ಬಾಯಲ್ಲೂ ಬರಬಾರದು. ಡಾಕ್ಟರ ಬಾಯಲ್ಲಂತೂ ಬರಲೇಬಾರದು.

"ಅಂದ್ರೆ ಡಾಕ್ಟರಿಗೆ ತೋರಿಸ್ಬಾರದು ಅಂತಲಾ ಭಟ್ರೇ?" ಎಂದಳು ಭಾಗೀರಥಿ.

"ತೋರಿಸ್ಬೇಡಿ ಅಂತ ನಾನ್ಯಾಕೆ ಅನ್ಲಿ. ಇದು ಮುಗೀಲಿ. ಆಮೇಲೆ ತೋರಿಸಿದ್ರೆ ಅಲ್ಲಿ ಕಾಣಕ್ಕೆ ಏನೂ ಇರಲ್ಲ" ಎಂದರು ಭಟ್ಟರು, ಬಹಳ ಸೌಮ್ಯವಾಗಿ.

ಭಟ್ಟರು ಹೋದ ಮೇಲೆ ಭಾಗೀರಥಿ ಗಂಡನ ಕೈ ಹಿಡಿದುಕೊಂಡಳು. "ರೀ, ತಡ ಮಾಡ್ಬೇಡಿ ಅಂತ ಊರೂರಲ್ಲಿ ಹೇಳಿದವಳು ನಾನೇ. ಮೊದ್ಲು ಒಂದು ಸ್ಕ್ಯಾನ್ ಮಾಡ್ಸೋಣ. ಆಮೇಲೆ ಎಲ್ಲಿಗೆ ಬೇಕಾದ್ರೂ ಬರ್ತೇನೆ."

ನಿರಂಜನ ಮೇಷ್ಟ್ರು ಒಳಗೆ ಅಮ್ಮನ ಕಡೆ, ಹೊರಗೆ ರಸ್ತೆಯ ಕಡೆ ನೋಡಿದರು. "ಇದು ಮುಗಿದ ಮಾರನೇ ದಿನವೇ ಕರ್ಕೊಂಡ್ ಹೋಗ್ತೇನೆ. ಅಮ್ಮನಿಗೂ ಸಮಾಧಾನ. ಹೆಚ್ಚೆಂದ್ರೆ ಎರಡು ವಾರದ ಕೆಲ್ಸ. ಅಷ್ಟರಲ್ಲಿ ಎಂತ ಆಗಿಹೋಗತ್ತೆ?"

ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಜೀವಕೋಶ ಒಡೆದು ಎರಡಾಗುವುದನ್ನು, ಎರಡು ನಾಲ್ಕಾಗುವುದನ್ನು ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ತೋರಿಸುವ ಮನುಷ್ಯ ಇವರು. ಶಾಲೆಯಲ್ಲಿ ಕಲಿಸುವುದೇ ಬೇರೆ, ಮನೆಯಲ್ಲಿ ಬದುಕುವುದೇ ಬೇರೆ ಎಂಬುದನ್ನು ನಮ್ಮ ಮೇಷ್ಟ್ರುಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಭಾಗೀರಥಿ ಗಟ್ಟಿಯಾಗಿ ಹಟ ಹಿಡಿಯಬಹುದಿತ್ತು. ಒಬ್ಬಳೇ ಚಿಕ್ಕಮಗಳೂರಿನ ಬಸ್ಸು ಹತ್ತಬಹುದಿತ್ತು. ಹತ್ತಲಿಲ್ಲ. ಯಾಕೆಂದರೆ ಅವಳಿಗೂ ಹೆದರಿಕೆಯಿತ್ತು. ಸ್ಕ್ಯಾನಿನವರು ಏನು ಹೇಳುತ್ತಾರೆಂದು ಅವಳಿಗೆ ಗೊತ್ತಿತ್ತು. ಭಟ್ಟರು ಹೇಳಿದ್ದು ನಿಜವಾಗಿಬಿಟ್ಟರೆ, ಮಾತಿನಿಂದ ಬಂದದ್ದು ಮಾತಿನಿಂದಲೇ ಹೋಗಿಬಿಟ್ಟರೆ ಎಂಬ ಆಸೆ ಹೊಟ್ಟೆಯೊಳಗಿನ ಗಡ್ಡೆಗಿಂತ ಬೇಗ ಬೆಳೆಯಿತು.

ಸಾವಿತ್ರಮ್ಮನನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ನಾಟಕದವಳಿಗೆ ನಿಜವಾಗಿಯೂ ಏನೋ ಬಂದಿದೆಯಂತೆ ಎಂಬ ಗುಸುಗುಸು ಆಗಲೇ ಪೇಟೆಯಲ್ಲಿ ಹಬ್ಬಿತ್ತು. ಡಾಕ್ಟರ ಪಾತ್ರಕ್ಕೆ ಜಗಳವಾಡಿ ಗೆದ್ದವಳು ಬಿಳಿ ಕೋಟನ್ನು ಒಗೆಸಿ, ಇಸ್ತ್ರಿ ಮಾಡಿಸಿ ವಾಪಸ್ಸು ಕಳಿಸಿದ್ದಳು. ಸಮಾಜದ ಮರ್ಯಾದೆಯ ಪ್ರಶ್ನೆ. "ನೀವೇ ಬಂದು ನಿಂತು, ನಾನು ಚೆನ್ನಾಗಿದ್ದೀನಿ ಅಂದುಬಿಟ್ರೆ ಎಲ್ಲರ ಬಾಯಿ ಮುಚ್ಚತ್ತೆ ಕಣ್ರೀ. ಸಮಾರೋಪ ಅಂತ ಇಟ್ಕೊಳ್ಳೋಣ. ಟೀ, ಬಿಸ್ಕತ್ತು ನಂದು" ಎಂದರು. ಓರಗಿತ್ತಿಯ ಸಾವನ್ನು ಸುಮ್ಮನೆ ಬಿಡದ ಹೆಂಗಸು, ಎದುರಿಗೆ ಕೂತಿದ್ದವಳ ಹೊಟ್ಟೆಯನ್ನು ಒಮ್ಮೆಯೂ ನೋಡಲಿಲ್ಲ.

ಮತ್ತೆ ಮಲ್ಲಂದೂರು. ಮತ್ತೆ ಅದೇ ಕಣ, ಅದೇ ಚಾಪೆ, ಅದೇ ಹೆಂಗಸರು. ವಿಮಲಮ್ಮ ಮುಂದಿನ ಸಾಲಿನಲ್ಲಿ ಕೂತು ಸೂರ್ಯ ಗುಡ್ಡದ ಹಿಂದೆ ಇಳಿಯುವುದನ್ನೇ ಕಾಯುತ್ತಿದ್ದರು. ಇಳಿದ ಕೂಡಲೇ ಕಣ್ಸನ್ನೆ ಮಾಡಿದರು. ಭಾಗೀರಥಿ ಸೆರಗನ್ನು ಹೊಟ್ಟೆಯ ಮೇಲೆ ಹರಡಿಕೊಂಡು ಎದ್ದು ನಿಂತಳು.

"ತಾಯಂದಿರೇ, ನಾನು ಆವತ್ತು ಇಲ್ಲಿ ಆಡಿದ್ದು ನಾಟಕದ ಮಾತು. ನನ್ನ ಹೊಟ್ಟೆಯಲ್ಲಿ ಏನೂ ಇಲ್ಲ. ನಾನು ಗಟ್ಟಿಯಾಗಿದ್ದೇನೆ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ."

ನಾಟಕದಲ್ಲಿ ಕೂಡ ಅವಳು ಇಷ್ಟು ಚೆನ್ನಾಗಿ ಅಭಿನಯಿಸಿರಲಿಲ್ಲ. ಮುಖ ಕಿವುಚಲಿಲ್ಲ, ಸೊಂಟಕ್ಕೆ ಕೈ ಕೊಡಲಿಲ್ಲ, ಮೂತ್ರಕ್ಕೆ ಅವಸರವಾಗಿದ್ದರೂ ಕಾಲು ಅಲುಗಿಸಲಿಲ್ಲ. ಚಾಪೆಯ ಮೇಲಿದ್ದ ಹೆಂಗಸರ ಮುಖ ಹಗುರವಾದದ್ದನ್ನು ಅವಳು ಕಣ್ಣಾರೆ ನೋಡಿದಳು. ಯಾರೋ "ಅಬ್ಬ!" ಎಂದರು. ಎರಡು ತಿಂಗಳ ಹಿಂದೆ ಅವಳೇ ಬಿತ್ತಿ ಹೋಗಿದ್ದ ಹೆದರಿಕೆಯನ್ನು ಅವಳೇ ಬಂದು ಬೇರುಸಹಿತ ಕಿತ್ತುಕೊಟ್ಟಳು. ಹೆಂಗಸರು ಖುಷಿಯಿಂದ ಟೀ ಕುಡಿದರು. "ಮೈ ಕೈ ತುಂಬ್ಕೊಂಡಿದ್ದೀರಿ ಅಮ್ಮ" ಎಂದು ಒಬ್ಬಳು ಅವಳ ಹೊಟ್ಟೆ ನೋಡಿ ಮೆಚ್ಚಿಕೆಯಿಂದ ಹೇಳಿದಳು. ಭಾಗೀರಥಿ ಬಿಸ್ಕತ್ತು ಬಾಯಿಗಿಟ್ಟುಕೊಂಡು, ನುಂಗಲಾರದೆ, ಜೀಪಿನ ಹಿಂದೆ ಹೋಗಿ ಉಗುಳಿದಳು.

ಒಂದು ಊರಾಯಿತು, ಇನ್ನೊಂದಾಯಿತು. ಒಂದು ವಾರ ಸಾವಿತ್ರಮ್ಮನ ಮನೆಯಲ್ಲಿ ಗೃಹಪ್ರವೇಶ, ಜೀಪು ಸಿಗಲಿಲ್ಲ. ಇನ್ನೊಂದು ವಾರ ಅಮಾವಾಸ್ಯೆ ಅಡ್ಡ ಬಂತು. ದೇವರಮನೆಯ ಕಡೆ ಎಸ್ಟೇಟಿನವರ ಮನೆಯಲ್ಲಿ ಯಾರೋ ಸತ್ತು ಸೂತಕವಾಯಿತು. ಎರಡು ವಾರದ ಕೆಲಸ ಮೇ ತಿಂಗಳು ದಾಟಿತು. ಪ್ರತಿ ಊರಿನಲ್ಲೂ ಅವಳ ಧ್ವನಿ ಒಂದಿಷ್ಟು ತಗ್ಗುತ್ತಿತ್ತು, ಹೊಟ್ಟೆ ಒಂದಿಷ್ಟು ಮುಂದೆ ಬರುತ್ತಿತ್ತು. ಮನೆಯಲ್ಲಿ ಅವಳು ದಿಂಬು ಆನಿಸಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು. "ಬಿಡ್ತಾ ಉಂಟು. ಬಿಡುವಾಗ ಹೀಗೇ ಜೋರು ಮಾಡತ್ತೆ" ಎಂದು ವಿಮಲಮ್ಮ ಅವಳ ಕಾಲು ಒತ್ತುತ್ತಿದ್ದರು. ಪ್ರೀತಿಯಿಂದಲೇ ಒತ್ತುತ್ತಿದ್ದರು, ಅದು ಸುಳ್ಳಲ್ಲ.

ಕೊನೆಗೆ ಉಳಿದದ್ದು ಹೊಳೆಯಾಚೆಯ ಊರು ಒಂದೇ. ಅಷ್ಟರಲ್ಲಿ ಮಳೆ ಹಿಡಿಯಿತು. ಆ ಊರಿಗೆ ದಾಟುವ ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿಯತೊಡಗಿದಳು. ನೀರು ಇಳಿಯಿತು ಎಂದು ಹೊರಟರೆ ಮತ್ತೆ ಏರಿರುತ್ತಿತ್ತು. "ಒಂದು ಊರು ಬಿಟ್ರೆ ಎಂತಾಗತ್ತೆ ಅತ್ತೆ, ನನ್ನ ಕೈಲಿ ಆಗಲ್ಲ" ಎಂದು ಭಾಗೀರಥಿ ಅತ್ತಳು. "ಒಂದನ್ನ ಉಳಿಸಿದ್ರೆ ಎಲ್ಲ ಊರಿಂದೂ ತಿರುಗಿ ಬರತ್ತೆ ಅಂತ ಭಟ್ರು ಹೇಳಿಲ್ವಾ?" ಎಂದರು ವಿಮಲಮ್ಮ. ನಿರಂಜನ ಮೇಷ್ಟ್ರು ಕೊಡೆ ಬಿಡಿಸಿ ಶಾಲೆಗೆ ಹೋದರು.

ಜುಲೈ ಕೊನೆಗೆ ಮಳೆ ಸ್ವಲ್ಪ ಹೊಳವಾದಾಗ ಸೇತುವೆ ದಾಟಿದರು. ಆವತ್ತು ನಾಟಕ ಆಡಿದ್ದ ಶಾಲೆಯ ಜಗಲಿಯಲ್ಲೇ ಕಂಬ ತಬ್ಬಿಕೊಂಡು ನಿಂತು ಭಾಗೀರಥಿ ಕೊನೆಯ ಸಲ ಹೇಳಿದಳು: "ನನಗೆ ಏನೂ ಇಲ್ಲ." ಹೇಳಿ ಅಲ್ಲೇ ಕುಸಿದಳು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಮೇಷ್ಟ್ರು ಮಾತು ಉಳಿಸಿಕೊಂಡರು. ಮಾರನೇ ದಿನವೇ ಚಿಕ್ಕಮಗಳೂರಿಗೆ ಕರೆದುಕೊಂಡು ಹೋದರು. ಪರಿಚಯದ ಡಾಕ್ಟರು ಬೇರೆ ಯಾರಿದ್ದಾರೆ? ನಾಟಕ ಬರೆದುಕೊಟ್ಟ ಡಾಕ್ಟರಮ್ಮನ ಹತ್ತಿರವೇ ಹೋದರು. ಹೊಟ್ಟೆಯ ಮೇಲೆ ಕೈಯಿಟ್ಟ ಕೂಡಲೇ ಅವರ ಮುಖ ಬದಲಾಯಿತು. ಸ್ಕ್ಯಾನ್ ಮಾಡಿಸಿ, ಹಾಳೆ ನೋಡಿ, ಎಷ್ಟು ದಿನದಿಂದ ಎಂದು ಕೇಳಿದರು.

"ಮಾರ್ಚಿಂದ" ಎಂದಳು ಭಾಗೀರಥಿ.

"ಏನೇನಾಗ್ತಿತ್ತು?"

ಭಾಗೀರಥಿ ಒಂದೊಂದಾಗಿ ಹೇಳಿದಳು. ಹೇಳುತ್ತಿದ್ದಂತೆ ಡಾಕ್ಟರಮ್ಮನ ಪೆನ್ನು ನಿಂತಿತು. ಅದು ಅವರು ಬರೆದ ಸಾಲುಗಳೇ, ಅದೇ ಕ್ರಮದಲ್ಲಿ.

"ನೀವು… ಗೌರಿ ಮಾಡಿದವರಲ್ವಾ?"

ಭಾಗೀರಥಿ ಹೌದೆಂದು ತಲೆಯಾಡಿಸಿದಳು. ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯುತ್ತಾರೆಂದು ಭಾಗೀರಥಿ ಕಾದಳು. ಬೈದಿದ್ದರೆ ಒಳ್ಳೆಯದಿತ್ತು. ಅವರು ಮೇಷ್ಟ್ರ ಕಡೆ ತಿರುಗಿ, "ಹೊಟ್ಟೆ ತುಂಬ ನೀರು ತುಂಬಿದೆ, ಎಲ್ಲ ಕಡೆ ಹರಡಿದ ಹಾಗೆ ಕಾಣ್ತಿದೆ. ಮಂಗಳೂರಿಗೆ ಬರ್ಕೊಡ್ತೀನಿ. ನಾಳೆಯೇ ಹೋಗಿ" ಎಂದಷ್ಟೇ ಹೇಳಿದರು. ಹೊರಗೆ ಬರುವಾಗ ಭಾಗೀರಥಿ ಬಾಗಿಲಲ್ಲಿ ನಿಂತು ಕೇಳಿದಳು.

"ಮಾರ್ಚಲ್ಲೇ ಬಂದಿದ್ರೆ ನಾಟಕದ ಹಾಗೆ ಆಗ್ತಿತ್ತಾ ಡಾಕ್ಟ್ರೇ?"

"ಹೇಳಕ್ಕಾಗಲ್ಲ. ಆದ್ರೆ ಇದಕ್ಕಿಂತ ಒಳ್ಳೆ ಅವಕಾಶ ಇರ್ತಿತ್ತು" ಎಂದರು ಡಾಕ್ಟರಮ್ಮ. ಅವರು ಸುಳ್ಳು ಹೇಳುವವರಲ್ಲ.

ಮಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಹೊಟ್ಟೆಯ ನೀರು ತೆಗೆದರು, ಮತ್ತೆ ತುಂಬಿಕೊಂಡಿತು, ಮತ್ತೆ ತೆಗೆದರು. ಔಷಧಿ ಹಾಕಿ ನೋಡೋಣ, ಗಡ್ಡೆ ಕುಗ್ಗಿದರೆ ಆಪರೇಷನ್ ಎಂದರು. ಕುಗ್ಗದಿದ್ದರೆ ಏನೆಂದು ಹೇಳಲಿಲ್ಲ. ಕೂದಲು ಉದುರಿತು. ಎರಡನೇ ಸಲದ ಔಷಧಿಗೆ ಹೋದ ದಿನ ದೊಡ್ಡ ಡಾಕ್ಟರು ಸಂಜೆಗೆ ಬರುತ್ತಾರೆಂದು ಹೊರಗೆ ಉದ್ದನೆಯ ಬೆಂಚಿನ ಮೇಲೆ ಕೂರಿಸಿದ್ದರು. ತಲೆಗೆ ಸೆರಗು ಹೊದ್ದುಕೊಂಡು ಭಾಗೀರಥಿ, ಪಕ್ಕದಲ್ಲಿ ವಿಮಲಮ್ಮ. "ಊರಿನವರು ಯಾರಾದ್ರೂ ಸಿಕ್ಕಿದ್ರೆ ಯಾರನ್ನೋ ನೋಡಕ್ಕೆ ಬಂದದ್ದು ಅನ್ನು" ಎಂದು ವಿಮಲಮ್ಮ ಮೊದಲೇ ಹೇಳಿಟ್ಟಿದ್ದರು.

ಎದುರು ಬೆಂಚಿನಲ್ಲಿ ಒಬ್ಬ ಹೆಂಗಸು ಬಹಳ ಹೊತ್ತಿನಿಂದ ಅವಳನ್ನೇ ನೋಡುತ್ತಿದ್ದಳು. ಐವತ್ತರ ಆಸುಪಾಸು, ಮಾಸಿದ ಸ್ವೆಟರು, ಹೊಟ್ಟೆ ತೊಡೆಯ ಮೇಲೆ ಕೂತಿತ್ತು. ಜೊತೆಯಲ್ಲಿ ಮದುವೆಯ ವಯಸ್ಸಿನ ಮಗಳು. ಕೊನೆಗೆ ಆ ಹೆಂಗಸು ಮಗಳ ಕೈ ಹಿಡಿದು ಎದ್ದು ಬಂದು ಭಾಗೀರಥಿಯ ಪಕ್ಕ ಕೂತಳು. ಅವಳ ಮುಖದಲ್ಲಿ ದೇವಸ್ಥಾನದಲ್ಲಿ ಪರಿಚಯದವರು ಸಿಕ್ಕಷ್ಟು ಸಂತೋಷವಿತ್ತು.

"ನೀವು ನಾಟಕದ ಅಮ್ಮ ಅಲ್ವಾ? ನಾವು ಮಲ್ಲಂದೂರ ಹತ್ರದವ್ರು. ಮೇಘಾ, ನೋಡೇ, ಅಮ್ಮನ್ನ. ಯಾರನ್ನ ನೋಡಕ್ ಬಂದಿದ್ದೀರಿ ಅಮ್ಮ?"

ಭಾಗೀರಥಿ ಉತ್ತರ ಹೇಳುವ ಮೊದಲೇ ಅವಳು ಮುಂದುವರಿಸಿದಳು. "ನಿಮ್ಮ ನಾಟಕ ನೋಡಿ ಹೆದ್ರಿಬಿಟ್ಟಿದ್ದೆ ಅಮ್ಮ. ನಂಗೂ ಹಂಗೇ ಆಗ್ತಿತ್ತು, ಎರಡು ತುತ್ತು ತಿಂದ್ರೆ ಸಾಕು. ಆಸ್ಪತ್ರೆಗೆ ಹೋಗೋದೇ ಅಂತ ಇವ್ಳು ಹಟ ಮಾಡಿ ಹೊರಡಿಸಿದ್ಲು. ಅಷ್ಟರಲ್ಲಿ ನೀವೇ ಬಂದು ಏನೂ ಇಲ್ಲ ಅಂದ್ರಿ. ನಿಮ್ಮ ಹೊಟ್ಟೆನೂ ನನ್ನಷ್ಟೇ ಇತ್ತು. ನೋಡಿ ಧೈರ್ಯ ಬಂತು. ಆಮೇಲೆ ನೆಮ್ಮದಿಯಾಗಿ ನಿದ್ದೆ ಮಾಡ್ದೆ ಅಮ್ಮ, ದೇವ್ರಾಣೆ. ಈಗ ಉಸಿರಾಡಕ್ಕಾಗಲ್ಲ ಅಂತ ಕರ್ಕೊಂಡ್ ಬಂದಿದಾರೆ."

ತನಗೆ ಸಾವು ಬರುತ್ತದೆ ಎಂದು ತಿಳಿದ ದಿನ ಕೂಡ ಭಾಗೀರಥಿಗೆ ಇಷ್ಟು ಸಂಕಟವಾಗಿರಲಿಲ್ಲ. ಆ ಹೆಂಗಸು ಅವಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

"ಈಗ ಒಳಗೆ ಕರೀತಾರೆ. ಅದಕ್ಕೆ ಮೊದ್ಲು ಇನ್ನೊಂದ್ ಸಲ ಹೇಳಿ ಅಮ್ಮ. ಏನೂ ಇಲ್ಲ ಅಂತ. ಹೊತ್ತೂ ಒಳ್ಳೇದಿದೆ, ಅಸ್ತು ಅಂತಾರೆ. ನಿಮ್ಮ ಬಾಯಿಂದ ಬಂದ್ರೆ ನಂಗೆ ಸಮಾಧಾನ."

ಕಿಟಕಿಯ ಆಚೆ ಬೆಳಕು ಇಳಿಯುತ್ತಿತ್ತು. ವಾರ್ಡಿನಲ್ಲಿ ಒಂದೊಂದೇ ದೀಪ ಹಾಕುತ್ತಿದ್ದರು. "ಅಂದುಬಿಡೇ, ಒಂದು ಮಾತಲ್ವಾ. ಪಾಪ" ಎಂದು ವಿಮಲಮ್ಮ ಪಿಸುಗುಟ್ಟಿದರು. ಅಷ್ಟೂ ಊರುಗಳಲ್ಲಿ ಹೇಳಿ ಪಳಗಿದ ಮಾತು, ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಕೇಳಿ ಆ ಹೆಂಗಸು ನಗುತ್ತ ಒಳಗೆ ಹೋಗುತ್ತಿದ್ದಳು. ಹೆಂಗಸಿನ ಹಿಂದೆ ನಿಂತಿದ್ದ ಮಗಳು ಮಾತ್ರ ನಗಲಿಲ್ಲ. ಅವಳು ಭಾಗೀರಥಿಯ ಸೆರಗಿನಡಿಯ ಬೋಳುತಲೆಯನ್ನು ಗಮನಿಸಿದ್ದಳು.

"ನಾನು ಹೇಳಿದ್ದು ಸುಳ್ಳು" ಎಂದಳು ಭಾಗೀರಥಿ. "ಆವತ್ತೇ ಇತ್ತು. ನನಗೆ ಅಂಡಾಶಯದ ಕ್ಯಾನ್ಸರ್ ಆಗಿದೆ. ನೀವೂ ಡಾಕ್ಟ್ರು ಹೇಳಿದ್ದನ್ನ ಸರಿಯಾಗಿ ಕೇಳಿ, ಒಂದು ದಿನಾನೂ ತಡ ಮಾಡ್ಬೇಡಿ. ನಿಮ್ಗೂ ಅದೇ ಇರ್ಬಹುದು."

ಹೆಂಗಸು ಹಿಡಿದಿದ್ದ ಕೈಯನ್ನು ಕೆಂಡದ ಹಾಗೆ ಬಿಸಾಡಿದಳು. "ಅಯ್ಯೋ ಪಾಪಿ! ಈ ಹೊತ್ತಲ್ಲಿ ನನ್ನ ಮೇಲೆ ಇಂಥ ಮಾತು ಆಡ್ತೀಯಾ? ನಿನ್ನ ಬಾಯಿಗೆ ಹುಳ ಬೀಳ! ಇಲ್ಲದ್ದನ್ನ ಕರೆದು ನಿನ್ನ ಮೈಗೆ ಹಚ್ಕೊಂಡೆ, ಈಗ ನಂಗೂ ಹಚ್ತೀಯಾ?" ಕೂಗುತ್ತ ಕೂಗುತ್ತ ಅವಳಿಗೆ ಉಸಿರು ಸಿಕ್ಕಿಕೊಂಡಿತು. ಒಳಗಿನಿಂದ ನರ್ಸು ಬಂದು ಅವಳನ್ನು ಕರೆದುಕೊಂಡು ಹೋದಳು. ಮಗಳು ತಾಯಿಯನ್ನು ತಬ್ಬಿಕೊಂಡು ಹಿಂದೆಯೇ ಹೋದಳು, ತಿರುಗಿ ನೋಡಲಿಲ್ಲ. ಆ ತಾಯಿ ದೀಪಾವಳಿ ಕಾಣಲಿಲ್ಲ. ಸಾಯುವ ತನಕ, ತನಗೆ ಈ ರೋಗ ಹಚ್ಚಿದವಳು ಮೂಡಿಗೆರೆಯ ಮೇಷ್ಟ್ರ ಹೆಂಡತಿ ಎಂದೇ ಹೇಳುತ್ತಿದ್ದಳಂತೆ. ಮಲ್ಲಂದೂರಿನ ಕಡೆ ಈಗಲೂ ಹಾಗೇ ಹೇಳುತ್ತಾರೆ.

ಆದರೆ ಆವತ್ತು ಸಂಜೆ ಭಾಗೀರಥಿ ಸುಮ್ಮನಾಗಲಿಲ್ಲ. ಬೆಂಚಿನ ಮೇಲೆ ಉಳಿದಿದ್ದ ಹೆಂಗಸರ ಕಡೆ ತಿರುಗಿದಳು. ಯಾರ ಜೊತೆಗೋ ಬಂದವರು, ಯಾರನ್ನೋ ನೋಡಲು ಬಂದವರು, ಇನ್ನೂ ಮೈ ಗಟ್ಟಿಯಿದ್ದವರು. ಕಣದಲ್ಲಿ ಮೊಳಗುತ್ತಿದ್ದ ಅದೇ ಧ್ವನಿ ಎಲ್ಲಿಂದಲೋ ಬಂತು. ಹೊಟ್ಟೆ ಉಬ್ಬರ ಎಂದಳು. ಎರಡು ತುತ್ತಿಗೇ ಹೊಟ್ಟೆ ತುಂಬುವುದು ಎಂದಳು. ಹೆಂಗಸರು ಗಡಬಡಿಸಿ ಮಕ್ಕಳ ಕಿವಿ ಮುಚ್ಚಿದರು. ಒಬ್ಬಳು ಎದ್ದು ಎದುರಿನ ಬೆಂಚಿಗೆ ಹೋದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ವಿಮಲಮ್ಮ ಕೂಡ ಎದ್ದು ಹೋಗಿ ಮೆಟ್ಟಿಲ ಹತ್ತಿರ ನಿಂತರು. ಭಾಗೀರಥಿ ಸೊಂಟದ ನೋವು ಹೇಳಿದಳು, ಮೂತ್ರದ ಅವಸರ ಹೇಳಿದಳು, ಎರಡು ಮೂರು ವಾರ ಬಿಡದೆ ಕಾಡಿದರೆ ಸ್ಕ್ಯಾನ್ ಮಾಡಿಸಿ ಎಂದಳು, ಯಾರು ಏನೇ ಹೇಳಿದರೂ ಕಾಯಬೇಡಿ ಎಂದಳು. ಇದು ಮಾತ್ರ ನಾಟಕದಲ್ಲಿ ಇರಲಿಲ್ಲ. ಬೆಂಚಿನ ಆ ತುದಿಯಲ್ಲಿ ಸಲಾಯಿನ್ ಹಾಕಿಸಿಕೊಂಡು, ಎದ್ದು ಹೋಗಲು ಕಾಲಲ್ಲಿ ತ್ರಾಣವಿಲ್ಲದೆ ಕೂತಿದ್ದ ಒಬ್ಬ ಹೆಂಗಸು ಮಾತ್ರ ಎಲ್ಲವನ್ನೂ ಕೊನೆಯವರೆಗೆ ಕೇಳಿಸಿಕೊಂಡಳು.